ಯಾರ ಬಟ್ಟೆ ಒಗೆಯಬೇಕು? ಮಾಚಿದೇವರ ಊರಿನಿಂದ ವ್ಯಾಪಾರ ಲೋಕಕ್ಕೆ ಒಂದು ಪ್ರಶ್ನೆ

ಮೇ ತಿಂಗಳ ಮೊದಲ ದಿನ ನಾವು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಈ ಹಬ್ಬವನ್ನು ಧರ್ಮಸಭೆಗೆ ನೀಡಿದರು. ಅಂದಿನಿಂದ ಪ್ರತಿ ವರ್ಷವೂ ಈ ದಿನ ದುಡಿಯುವ ಕೈಗಳ ಘನತೆಯ ಬಗ್ಗೆ ಪ್ರಬೋಧನೆಗಳನ್ನು ಕೇಳುತ್ತೇವೆ. ಆದರೆ ದುಡಿಸಿಕೊಳ್ಳುವವರ ಹೊಣೆ ಏನು, ಲಾಭ ಪಡೆದವರು ಲಾಭ ತಂದುಕೊಟ್ಟ ನೆಲಕ್ಕೆ ಏನನ್ನು ಹಿಂದಿರುಗಿಸಬೇಕು ಎಂಬ ಮಾತು ನಮ್ಮ ನಡುವೆ ಅಷ್ಟಾಗಿ ಬರುವುದಿಲ್ಲ. ಈ ವರ್ಷದ ಹಬ್ಬದ ಸಂದರ್ಭದಲ್ಲಿ ಆ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯಿಂದಲೇ ಹೊರಡಬಹುದು.

ಮಡಿವಾಳರ ನಿಯಮ

ಮೊದಲು ಸಿಂದಗಿ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿ ಹನ್ನೆರಡನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಊರು. ಇಲ್ಲಿಂದ ಬಸವಣ್ಣನವರ ಬಸವನ ಬಾಗೇವಾಡಿಯೂ ದೂರವಿಲ್ಲ. ಫೆಬ್ರುವರಿ ಒಂದರಂದು ನಾಡಿನಾದ್ಯಂತ ಮಾಚಿದೇವರ ಜಯಂತಿ ನಡೆಯುತ್ತದೆ. ಅವರ ಕಾಯಕ ಬಟ್ಟೆ ಒಗೆಯುವುದು. ಆದರೆ ಯಾರು ಕೊಟ್ಟರೂ ಒಗೆಯುವವರಲ್ಲ ಅವರು. ಮೈಮುರಿದು ದುಡಿದು ಉಣ್ಣುವವರ, ಶರಣರ ಬಟ್ಟೆಯನ್ನಷ್ಟೇ ಒಗೆಯುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಬಿಜ್ಜಳ ದೊರೆಯ ಬಟ್ಟೆಯನ್ನೂ ಅವರು ಒಲ್ಲೆನೆಂದ ಕಥೆ ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು.

ಬಡ ಅಗಸನೊಬ್ಬ ಗಿರಾಕಿಯನ್ನು ಹೀಗೆ ಆರಿಸುವುದೆಂದರೆ ಸಣ್ಣ ವಿಷಯವಲ್ಲ. ಒಗೆಯುವ ಬಟ್ಟೆ ಯಾವ ಹಣದಿಂದ ಬಂತು, ಆ ಹಣ ಯಾರ ಬೆವರಿನಿಂದ ಬಂತು ಎಂದು ಅವರು ಕೇಳಿದರು. ಕೂಲಿ ಸಿಕ್ಕರೆ ಸಾಕು ಎನ್ನಲಿಲ್ಲ.

ಶರಣರ ಕಾಲದ ಇನ್ನೊಂದು ಕಥೆಯನ್ನೂ ಇಲ್ಲಿ ನೆನೆಯಬೇಕು. ಆಯ್ದಕ್ಕಿ ಮಾರಯ್ಯನವರ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸದೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬರುವಂತೆ ಹೇಳಿ ಕಳುಹಿಸಿದರು. ಕಾಯಕ ಎಂದರೆ ದುಡಿಮೆ, ದಾಸೋಹ ಎಂದರೆ ದುಡಿದದ್ದನ್ನು ಹಂಚಿಕೊಳ್ಳುವುದು. ಎರಡರ ನಡುವೆ ಲಕ್ಕಮ್ಮನವರು ಮಿತಿ ಎಂಬ ಮೂರನೆಯದನ್ನು ಇಟ್ಟರು. ಇಂದು ವ್ಯಾಪಾರದ ಸಾಮಾಜಿಕ ಹೊಣೆ ಎಂದು ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚಿಸುವ ಸಂಗತಿಯ ಮೂಲ ಪ್ರಶ್ನೆಗಳೆಲ್ಲ ಈ ಎರಡು ಕಥೆಗಳಲ್ಲಿವೆ: ಹಣ ಎಲ್ಲಿಂದ ಬಂತು, ಎಷ್ಟು ಸಾಕು, ಉಳಿದದ್ದು ಯಾರಿಗೆ?

ಹತ್ತಿ ಹೋಯಿತು, ಹಸಿವು ಬಂತು

ಈ ಪ್ರಶ್ನೆಗಳನ್ನು ಯಾರೂ ಕೇಳದಿದ್ದಾಗ ಏನಾಗುತ್ತದೆ ಎಂಬುದನ್ನೂ ಇದೇ ಪ್ರದೇಶದ ಇತಿಹಾಸ ತೋರಿಸುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಕಣ್ಣು ಆಗ ಮುಂಬೈ ಪ್ರಾಂತದ ಕಪ್ಪು ನೆಲದ ಮೇಲೆ ಬಿತ್ತು. ಧಾರವಾಡದ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಹತ್ತಿಯಲ್ಲಿ ಕಲಬೆರಕೆ ಮಾಡುವವರನ್ನು ಶಿಕ್ಷಿಸಲು 1863ರಲ್ಲಿ ಮುಂಬೈ ಸರ್ಕಾರ ಕಾನೂನನ್ನೇ ತಂದಿತು. ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು. ಕೊಳ್ಳುವವನಿಗೆ ಒಳ್ಳೆಯ ಹತ್ತಿ ಸಿಗುವಂತೆ ಕಾಯುವ ಕಾನೂನಿತ್ತು. ಬೆಲೆ ಬಿದ್ದಾಗ ಸಾಲ ಮಾಡಿ ಬಿತ್ತಿದ ರೈತನನ್ನು ಕಾಯುವ ಕಾನೂನು ಇರಲಿಲ್ಲ.

ಹತ್ತು ವರ್ಷ ಕಳೆಯುವಷ್ಟರಲ್ಲಿ 1876ರಿಂದ 1878ರ ಮಹಾ ಬರಗಾಲ ಬಂತು. ಇಂದಿನ ವಿಜಯಪುರ, ಬಾಗಲಕೋಟೆ ಪ್ರದೇಶ ಆಗ ಕಲಾದಗಿ ಜಿಲ್ಲೆ. ಡೋಣಿ ನದಿಯ ದಂಡೆಯ ನೆಲ ಬೆಳೆದರೆ ತಿಂದು ತೀರದು, ಬೆಳೆಯದಿದ್ದರೆ ತಿನ್ನಲು ಏನೂ ಇಲ್ಲ ಎಂಬರ್ಥದ ಹಳೆಯ ಮಾತು ಇಲ್ಲಿದೆ. ಆ ವರ್ಷಗಳಲ್ಲಿ ಮಾತಿನ ಎರಡನೇ ಪಾಲು ನಿಜವಾಯಿತು. ವೈಸರಾಯ್ ಲಾರ್ಡ್ ಲಿಟ್ಟನ್‌ನ ಸರ್ಕಾರ ಖಾಸಗಿ ಧಾನ್ಯ ವ್ಯಾಪಾರದಲ್ಲಿ ಕೈಹಾಕಬಾರದೆಂಬ ನೀತಿಗೆ ಅಂಟಿಕೊಂಡಿತು. ದೇಶದ ದಕ್ಷಿಣ ಭಾಗ ಹಸಿದು ಸಾಯುತ್ತಿದ್ದಾಗಲೂ ಭಾರತದಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವವರ ಕೂಲಿಯನ್ನು ಖರ್ಚು ಉಳಿಸಲೆಂದು 1877ರಲ್ಲಿ ಕಡಿತ ಮಾಡಲಾಯಿತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ಕೆಲವರು ಸತ್ತರು, ಕೆಲವರು ಗುಳೆ ಹೋದವರು ಮರಳಲಿಲ್ಲ.

ಗದಗದಿಂದ ವಿಜಾಪುರದ ಮೂಲಕ ಹೊಟಗಿಗೆ ರೈಲು ಮಾರ್ಗ ಬಂದದ್ದು ಅದಾದ ಮೇಲೆ, 1880ರ ದಶಕದಲ್ಲಿ. ಬರಗಾಲದಲ್ಲಿ ಧಾನ್ಯ ತರಲೆಂದು ಹಾಕಿದ ಮಾರ್ಗ ಅದು. ಧಾನ್ಯ ತರುವ ಹಳಿಯೇ ಹತ್ತಿಯನ್ನು ಒಯ್ಯುವ ಹಳಿಯೂ ಆಯಿತು. ವ್ಯಾಪಾರ ಕೆಟ್ಟದ್ದೆಂದು ಇದರ ಅರ್ಥವಲ್ಲ. ಹಳಿಯ ಮೇಲೆ ಬರುವುದೂ ಹೋಗುವುದೂ ಯಾರ ಹಿತಕ್ಕೆ ಎಂದು ಕೇಳುವವರಿಲ್ಲದಿದ್ದರೆ ಅಭಿವೃದ್ಧಿಯ ಸಾಧನವೇ ಬಡವನ ಮನೆಯನ್ನು ಬರಿದು ಮಾಡಬಹುದು ಎಂಬುದಷ್ಟೇ ಇಲ್ಲಿನ ಪಾಠ.

ಬಾಸೆಲಿನಿಂದ ಬಂದ ಮಗ್ಗ

ಅದೇ ಶತಮಾನದಲ್ಲಿ ಕರ್ನಾಟಕದ ಕರಾವಳಿಯಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟೆಂಟ್ ಮಿಷನರಿಗಳು ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲೂ ನೆಲೆಸಿದರು. ಅವರನ್ನು ಸೇರಿದವರಲ್ಲಿ ಅನೇಕರು ಜಾತಿಯಿಂದ ಹೊರಗಾದರು. ಗೇಣಿಯ ಹೊಲ ಹೋಯಿತು, ಕುಲಕಸುಬು ತಪ್ಪಿತು. ದೀಕ್ಷೆ ಕೊಟ್ಟವರು ಅನ್ನದ ದಾರಿಯನ್ನೂ ತೋರಬೇಕಾಯಿತು.

ಮೊದಲು 1841ರಲ್ಲಿ ಮುದ್ರಣಾಲಯ ಆರಂಭವಾಯಿತು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ಹೊರತಂದರು. 1851ರ ಸುಮಾರಿಗೆ ಹಾಲರ್ ಎಂಬ ನುರಿತ ನೇಕಾರರು ಬಂದು ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ಕಟ್ಟಿದರು. ಖಾಕಿ ಬಣ್ಣದ ಬಟ್ಟೆ ತಯಾರಾದದ್ದು ಅವರ ಕೈಯಲ್ಲೇ ಎಂಬ ಪ್ರತೀತಿ ಇದೆ. 1865ರಲ್ಲಿ ಪ್ಲೆಬ್‌ಸ್ಟ್ ಅವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ ದಂಡೆಯ ಜೇಡಿಮಣ್ಣು ಮಂಗಳೂರು ಹಂಚಾಗಿ ಹಡಗು ಹತ್ತಿ ದೇಶ ವಿದೇಶಗಳ ಸೂರುಗಳನ್ನು ಸೇರಿತು. ಮುಂದೆ ಮಂಗಳೂರಿನ ನಮ್ಮ ಕಥೋಲಿಕ ಕುಟುಂಬಗಳೂ ಹಂಚಿನ ಉದ್ಯಮಕ್ಕೆ ಇಳಿದು ಹೆಸರು ಮಾಡಿದವು.

ಈ ಉದ್ಯಮಗಳ ಹಿಂದೆ 1859ರಲ್ಲಿ ಬಾಸೆಲಿನಲ್ಲಿ ಸ್ಥಾಪನೆಯಾದ ಮಿಷನ್ ವ್ಯಾಪಾರ ಕಂಪನಿ ಇತ್ತು. ಇದರ ಕಟ್ಟಳೆ ನಮ್ಮ ಗಮನಕ್ಕೆ ಅರ್ಹವಾದುದು. ಷೇರು ಹಾಕಿದವರಿಗೆ ಒಂದು ಮಿತಿಯೊಳಗಿನ ಲಾಭಾಂಶ ಮಾತ್ರ. ಅದರ ಮೇಲಿನ ಲಾಭ ಮಿಷನ್ನಿನ ಕೆಲಸಕ್ಕೆ. ಇದೇ ಕಂಪನಿ ಆಫ್ರಿಕದಲ್ಲಿ ಇಂದಿನ ಘಾನಾ ದೇಶದಲ್ಲೂ ವ್ಯಾಪಾರ ಮಾಡುತ್ತಿತ್ತು. ಅಲ್ಲಿ ಇತರ ಯುರೋಪಿನ ವರ್ತಕರಿಗೆ ಕೈತುಂಬ ಹಣ ತರುತ್ತಿದ್ದ ಸಾರಾಯಿಯನ್ನು ಮಾರುವುದಿಲ್ಲವೆಂದು ಅದು ನಿಶ್ಚಯಿಸಿತು. ಲಕ್ಕಮ್ಮನವರ ಮಿತಿಯೂ ಮಾಚಿದೇವರ ನಿರಾಕರಣೆಯೂ ಇಲ್ಲಿ ಒಂದು ಲೆಕ್ಕಪುಸ್ತಕದೊಳಗೆ ಬಂದಂತೆ ಕಾಣುತ್ತದೆ.

ಆದರೆ ಇತಿಹಾಸವನ್ನು ಪೂರ್ತಿ ಹೇಳಬೇಕು. ಈ ಕಾರ್ಖಾನೆಗಳಲ್ಲಿ ದುಡಿಯುವವನ ಯಜಮಾನನೂ ಅವನ ಸಭೆಯ ಹಿರಿಯನೂ ಒಂದೇ ಸಂಸ್ಥೆಗೆ ಸೇರಿದವರು. ಕಾರ್ಖಾನೆಯ ಶಿಸ್ತು ಮನೆಯ ನಡತೆಯವರೆಗೂ ಚಾಚಿತ್ತು. ಸಂಬಳ ಕೊಡುವವನ ಎದುರು ಕಾರ್ಮಿಕ ಬಾಯಿ ತೆರೆಯುವುದು ಸುಲಭವಿರಲಿಲ್ಲ. ವ್ಯಾಪಾರದ ಲಾಭದ ಮೇಲೆ ಧರ್ಮಕಾರ್ಯ ನಿಲ್ಲುವುದು ಸರಿಯೇ ಎಂಬ ಚರ್ಚೆ ಮಿಷನ್ನಿನೊಳಗೇ ನಡೆಯಿತು. ಒಡೆತನ ದೂರದ ದೇಶದಲ್ಲಿತ್ತು. ಮೊದಲ ಮಹಾಯುದ್ಧ ಬಂದಾಗ ಅದರ ಫಲ ಗೊತ್ತಾಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು. ಉದ್ಯಮಗಳನ್ನು ವಶಪಡಿಸಿಕೊಂಡರು. ಯುದ್ಧದ ನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ತಲೆಮಾರುಗಳಿಂದ ಮಗ್ಗ ನಡೆಸಿದವರನ್ನು, ಹಂಚು ಸುಟ್ಟವರನ್ನು ಆ ನಿರ್ಣಯದಲ್ಲಿ ಕೇಳುವ ಪ್ರಮೇಯವೇ ಬರಲಿಲ್ಲ. ಒಳ್ಳೆಯ ಮನಸ್ಸಿನ ಯಜಮಾನ ಸಿಗುವುದು ಒಂದು ಭಾಗ್ಯ. ದುಡಿಯುವವನಿಗೆ ಮಾತನಾಡುವ ಹಕ್ಕಿರುವುದು ಬೇರೆಯೇ ಸಂಗತಿ.

ಧರ್ಮಸಭೆಯ ಬೋಧನೆ

ಮೊದಲನೆಯದಷ್ಟೇ ಸಾಲದು ಎಂಬುದನ್ನು ಧರ್ಮಸಭೆಯೂ ಸ್ಪಷ್ಟವಾಗಿ ಹೇಳಿತು. 1891ರ ಮೇ 15ರಂದು ಜಗದ್ಗುರು ಹದಿಮೂರನೇ ಲಿಯೋರವರು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರವನ್ನು ಹೊರಡಿಸಿ, ಕುಟುಂಬದ ಪೋಷಣೆಗೆ ಸಾಲುವ ನ್ಯಾಯವಾದ ಕೂಲಿ ಮತ್ತು ಸಂಘ ಕಟ್ಟುವ ಹಕ್ಕು ಕಾರ್ಮಿಕರಿಗಿದೆ ಎಂದು ಸಾರಿದರು. 1967ರಲ್ಲಿ ಜಗದ್ಗುರು ಆರನೇ ಪೌಲ್‌ರವರು ದೇಶಗಳ ಅಭಿವೃದ್ಧಿಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ ಇದೇ ನ್ಯಾಯವನ್ನು ರಾಷ್ಟ್ರಗಳ ನಡುವಿನ ವ್ಯಾಪಾರಕ್ಕೆ ಅನ್ವಯಿಸಿದರು. ಬಲಾಢ್ಯನೂ ದುರ್ಬಲನೂ ಮಾಡಿಕೊಂಡ ಒಪ್ಪಂದ, ಇಬ್ಬರೂ ಸಹಿ ಹಾಕಿದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ ಎಂಬುದು ಅವರ ಬೋಧನೆಯ ತಿರುಳು. 2009ರಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟ್‌ರವರು, ಉದ್ಯಮ ನಡೆಸುವವರು ಹಣ ಹೂಡಿದವರಿಗಷ್ಟೇ ಅಲ್ಲದೆ ಕಾರ್ಮಿಕರಿಗೆ, ಗ್ರಾಹಕರಿಗೆ, ಸರಕು ಒದಗಿಸುವವರಿಗೆ, ಸುತ್ತಲಿನ ಸಮುದಾಯಕ್ಕೆ ಸಹ ಉತ್ತರ ಹೇಳಬೇಕೆಂದು ಬರೆದರು.

ಜಗತ್ತು ಇದನ್ನು ಕಲಿತದ್ದು ದೊಡ್ಡ ಬೆಲೆ ತೆತ್ತು. 1984ರ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲ ಸಾವಿರಾರು ಜನರನ್ನು ಕೊಂದಿತು. 1989ರಲ್ಲಿ 47 ಕೋಟಿ ಡಾಲರ್‌ಗಳಿಗೆ ಇತ್ಯರ್ಥವಾಯಿತು. 2000ದಲ್ಲಿ ವಿಶ್ವಸಂಸ್ಥೆ ಕಂಪನಿಗಳಿಗಾಗಿ ಜಾಗತಿಕ ಒಡಂಬಡಿಕೆಯೊಂದನ್ನು ಮುಂದಿಟ್ಟಿತು. 2011ರಲ್ಲಿ ವ್ಯಾಪಾರ ಮತ್ತು ಮಾನವ ಹಕ್ಕುಗಳನ್ನು ಕುರಿತ ಮಾರ್ಗದರ್ಶಿ ತತ್ವಗಳನ್ನು ಅಂಗೀಕರಿಸಿತು. ಹಕ್ಕುಗಳನ್ನು ರಕ್ಷಿಸುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ಕಂಪನಿಯ ಹೊಣೆ, ಹಾನಿಯಾದವರಿಗೆ ಪರಿಹಾರದ ದಾರಿ ಇರಲೇಬೇಕು ಎಂಬ ಮೂರು ಕಂಬಗಳ ಮೇಲೆ ಅವು ನಿಂತಿವೆ.

ನಮ್ಮ ಜಿಲ್ಲೆಯಲ್ಲಿ, ನಮ್ಮ ಕಾಲದಲ್ಲಿ

ಮತ್ತೆ ಕೃಷ್ಣೆಯ ದಂಡೆಗೆ ಬರೋಣ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. 1970ರ ದಶಕದ ಕೊನೆಯಿಂದ ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವ ಬ್ಯಾಂಕ್ ಸಾಲ ನೀಡಿತು. ನೀರು ಏರಿದಂತೆ ನೂರಕ್ಕೂ ಹೆಚ್ಚು ಹಳ್ಳಿಗಳು, ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಡೆಯ ಪಟ್ಟಿಗೆ ಸೇರಿದವು. ಪುನರ್ವಸತಿ ಹಿಂದೆ ಬಿದ್ದಾಗ 1990ರ ದಶಕದಲ್ಲಿ ವಿಶ್ವ ಬ್ಯಾಂಕ್ ಸಾಲದ ಹಣವನ್ನು ತಡೆಹಿಡಿಯಿತು. ಹಣ ಕೊಡುವವರು ಹಣ ಎಲ್ಲಿ ಹೋಯಿತೆಂದು ಕೇಳುವುದು ವಾಡಿಕೆ. ಹಣ ಬಂದದ್ದರಿಂದ ಯಾರ ಮನೆ ಹೋಯಿತೆಂದು ಕೇಳುವುದು ಅಪರೂಪ. ಆ ಪ್ರಶ್ನೆ ಕೇಳಲು ಮುಳುಗಡೆಯಾದವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಕೂಡಗಿಯ ಉಷ್ಣವಿದ್ಯುತ್ ಸ್ಥಾವರ ಬರುವಾಗ 2014ರ ಜುಲೈನಲ್ಲಿ ಪ್ರತಿಭಟನೆ ಮಾಡಿದ ರೈತರ ಮೇಲೆ ಗೋಲಿಬಾರ್ ಆಯಿತು. 2400 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರದ ಬೆಳಕು ನಾಡಿಗೆ ಬೇಕು ನಿಜ. ಬೂದಿಯ, ನೀರಿನ, ಭೂಮಿಯ ಭಯವನ್ನು ಹೊತ್ತವರು ಸುತ್ತಲಿನ ಹಳ್ಳಿಯವರು.

ಮಳೆ ಕೈಕೊಟ್ಟ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ದೇವರ ಹಿಪ್ಪರಗಿ ಕಡೆಯಿಂದ ಕುಟುಂಬಗಳು ಗೋವೆಗೆ, ಮಹಾರಾಷ್ಟ್ರಕ್ಕೆ, ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ನಗರಗಳ ಕಟ್ಟಡಗಳು ಇವರ ತಲೆಯ ಮೇಲಿನ ಬುಟ್ಟಿಯಿಂದ ಏಳುತ್ತವೆ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ವಿದೇಶದ ಅಂಗಡಿಗಳಿಗೆ ಅಂಗಿ ಹೊಲಿಯುತ್ತಾರೆ. 2020ರ ಏಪ್ರಿಲ್‌ನಿಂದ ಇವರಿಗೆ ಸೇರಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ ಸುಮಾರು 417 ರೂಪಾಯಿ, ಹೆಚ್ಚಿನ ಕಾರ್ಖಾನೆಗಳಲ್ಲಿ ಸಿಗಲಿಲ್ಲ. ಕಾರ್ಮಿಕ ಸಂಘಟನೆ ಹೈಕೋರ್ಟಿನ ಮೆಟ್ಟಿಲು ಹತ್ತಿತು. ವಿದೇಶದ ಕಾರ್ಮಿಕ ಹಕ್ಕುಗಳ ಸಂಸ್ಥೆಗಳು ಆ ಅಂಗಿಗಳನ್ನು ಕೊಳ್ಳುವ ದೊಡ್ಡ ಬ್ರ್ಯಾಂಡುಗಳನ್ನು ಪ್ರಶ್ನಿಸಿದವು. 2022ರ ಆರಂಭದಲ್ಲಿ ಬಾಕಿ ಪಾವತಿ ಶುರುವಾಯಿತು. ನಾಲ್ಕು ನೂರು ರೂಪಾಯಿ ಹೆಚ್ಚೇನು ಎಂದು ನಮಗೆ ತೋರಬಹುದು. ಆ ಮನೆಗಳಲ್ಲಿ ಅದು ಮಗುವಿನ ಹಾಲಿನ ಹಣ. ಕೊಯ್ಲು ಮಾಡಿದವರಿಂದ ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಯಕೋಬರು ತಮ್ಮ ಪತ್ರದ ಐದನೇ ಅಧ್ಯಾಯದಲ್ಲಿ ಎಚ್ಚರಿಸಿದ್ದು ಇಂಥದ್ದನ್ನೇ.

ಶೇಕಡಾ ಎರಡು

ನಮ್ಮ ದೇಶದಲ್ಲಿ ಕಂಪನಿಗಳ ಸಾಮಾಜಿಕ ಹೊಣೆ ಈಗ ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ ಎರಡನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕು. ಇದರಿಂದ ಶಾಲಾ ಕೊಠಡಿಗಳು, ಶೌಚಾಲಯಗಳು, ಕುಡಿಯುವ ನೀರಿನ ಘಟಕಗಳು ಬಂದಿವೆ. ಇದನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳಬೇಕು.

ಆದರೂ ಎರಡು ಮಾತುಗಳನ್ನು ಹೇಳಬೇಕಾಗುತ್ತದೆ. ಮೊದಲನೆಯದಾಗಿ, ಕಂಪನಿ ಇರುವ ಸ್ಥಳದ ಸುತ್ತಮುತ್ತ ಆದ್ಯತೆ ನೀಡಬೇಕೆಂದು ಕಾನೂನು ಹೇಳುತ್ತದೆ. ಹಾಗಾಗಿ ಕಾರ್ಖಾನೆಗಳಿಲ್ಲದ ಒಣಭೂಮಿಯ ತಾಲ್ಲೂಕುಗಳಿಗೆ ಈ ಹಣ ತಲುಪುವುದು ಕಷ್ಟ. ದುಡಿಯಲು ಜನರನ್ನು ಕಳುಹಿಸುವ ಊರು ಕಂಪನಿಯ ಲೆಕ್ಕದಲ್ಲಿ ಸುತ್ತಮುತ್ತಲಿನದಲ್ಲ. ಎರಡನೆಯದಾಗಿ, ಹೊಣೆ ಇರುವುದು ಶೇಕಡಾ ಎರಡರಲ್ಲಿ ಮಾತ್ರವಲ್ಲ. ಉಳಿದ ತೊಂಬತ್ತೆಂಟು ಹೇಗೆ ಬಂತು ಎಂಬುದರಲ್ಲಿ ಅದಕ್ಕಿಂತ ದೊಡ್ಡ ಹೊಣೆ ಇದೆ. ಕೂಲಿಯನ್ನು ಕಡಿತ ಮಾಡಿ ಉಳಿಸಿದ ಹಣದಲ್ಲಿ ಕೂಲಿಯವನ ಮಗಳಿಗೆ ಸೈಕಲ್ ಹಂಚಿದರೆ ಅದು ದಾಸೋಹವಾಗದು.

ನಮ್ಮ ಅಂಗಳಕ್ಕೆ ಬಂದ ಪ್ರಶ್ನೆ

ಪ್ರಿಯ ವಿಶ್ವಾಸಿಗಳೇ, ಇದೆಲ್ಲ ದೊಡ್ಡ ಕಂಪನಿಗಳ ಮಾತು, ನಮಗೇನು ಎಂದು ಪಕ್ಕಕ್ಕಿಡುವಂತಿಲ್ಲ. ನಮ್ಮಲ್ಲಿ ಅಂಗಡಿ, ಹೋಟೆಲು, ಗ್ಯಾರೇಜು ನಡೆಸುವವರಿದ್ದಾರೆ. ಗುತ್ತಿಗೆ ಹಿಡಿದು ಮನೆ ಕಟ್ಟಿಸುವವರಿದ್ದಾರೆ. ನಮ್ಮ ಸಂಸ್ಥೆಗಳೇ ಅನೇಕರಿಗೆ ಯಜಮಾನರು. ನಮ್ಮ ಶಾಲೆಗಳ ಆಯಾ, ನಮ್ಮ ಆಸ್ಪತ್ರೆಗಳ ಕಾವಲುಗಾರ, ನಮ್ಮ ವಿದ್ಯಾರ್ಥಿನಿಲಯಗಳ ಅಡುಗೆಯವರು ತಿಂಗಳ ಕೊನೆಗೆ ಕೈಗೆ ಪಡೆಯುವುದೆಷ್ಟು? ಅವರ ಭವಿಷ್ಯ ನಿಧಿ ಕಟ್ಟಲಾಗುತ್ತಿದೆಯೇ? ಕಾಯಿಲೆ ಬಿದ್ದ ದಿನದ ಸಂಬಳ ಸಿಗುತ್ತದೆಯೇ? 'ಸೇವೆ' ಎಂಬ ಪವಿತ್ರ ಪದದ ಹೆಸರಿನಲ್ಲಿ ನಾವು ಯಾರ ಕೂಲಿಯನ್ನಾದರೂ ಉಳಿಸಿಕೊಳ್ಳುತ್ತಿದ್ದೇವೆಯೇ? ಬಾಸೆಲಿನವರ ಇತಿಹಾಸ ಓದಿದ ಮೇಲೆ ಇನ್ನೂ ಒಂದನ್ನು ಸೇರಿಸಬೇಕು. ನಮ್ಮಲ್ಲಿ ದುಡಿಯುವವರು ತಮ್ಮ ಕಷ್ಟವನ್ನು ಭಯವಿಲ್ಲದೆ ಹೇಳಬಹುದಾದ ಸ್ಥಳ ನಮ್ಮಲ್ಲಿದೆಯೇ?

ನಮ್ಮ ಸಂಸ್ಥೆಗಳೂ ಕಂಪನಿಗಳ ಸಾಮಾಜಿಕ ನಿಧಿಗೆ ಅರ್ಜಿ ಹಾಕುತ್ತವೆ. ಕಟ್ಟಡ ಬೇಕು, ಗಣಕಯಂತ್ರ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಅರ್ಜಿಗೆ ಸಹಿ ಹಾಕುವ ಮೊದಲು ಆ ಕಂಪನಿ ತನ್ನ ಕಾರ್ಮಿಕರನ್ನು ಹೇಗೆ ನಡೆಸಿಕೊಳ್ಳುತ್ತದೆ, ತನ್ನ ಕೊಳೆನೀರನ್ನು ಎಲ್ಲಿಗೆ ಬಿಡುತ್ತದೆ ಎಂದು ವಿಚಾರಿಸಬಹುದಲ್ಲವೇ? ಮಾಚಿದೇವರು ಕೈಯಲ್ಲಿ ಕಾಸಿಲ್ಲದ ಮಡಿವಾಳರಾಗಿದ್ದೂ ಅರಮನೆಯ ಗಂಟನ್ನು ಹಿಂದಕ್ಕೆ ಕಳುಹಿಸಿದರು ಎನ್ನುತ್ತದೆ ಪರಂಪರೆ. ಕೇಳಿ ತಿಳಿದು, ಬೇಡವೆನ್ನಬೇಕಾದಲ್ಲಿ ಬೇಡವೆನ್ನುವ ಧೈರ್ಯ ಸಂಸ್ಥೆಗಳಿಗೆ ಬಂದರೆ, ಕಂಪನಿಗಳೂ ತಮ್ಮ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳುತ್ತವೆ.

ಸಂತ ಜೋಸೆಫರು ನಜರೇತಿನಲ್ಲಿ ಮರಗೆಲಸ ಮಾಡಿ ಸಂಸಾರ ಸಾಕಿದರು. ಅವರು ಮಾಡಿಕೊಟ್ಟ ನೊಗಕ್ಕೆ, ಬಾಗಿಲಿಗೆ ಯಾರೋ ಸರಿಯಾದ ಬೆಲೆ ಕೊಟ್ಟದ್ದರಿಂದಲೇ ಆ ಮನೆಯ ಒಲೆ ಉರಿದಿರಬೇಕು. ಈ ಹಬ್ಬದ ದಿನ ಬಲಿಪೂಜೆ ಮುಗಿಸಿ ಮನೆಗೆ ಹೋದ ಮೇಲೆ, ನಮ್ಮಲ್ಲಿ ದುಡಿಯುವ ಒಬ್ಬರ ಬಾಕಿ ಏನಾದರೂ ಉಳಿದಿದೆಯೇ ಎಂದು ನೋಡೋಣ. ಉಳಿದಿದ್ದರೆ ಅಂದೇ ತೀರಿಸೋಣ.